ತಾರೀಕು ಕೂತ ಜಾಗ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಓದುಗರೊಬ್ಬರು, ಹಳ್ಳಿ ಕಡೆಯ ಮಕ್ಕಳಿಗೆ ಇಂಗ್ಲಿಷಿನ ಸ್ಪೆಲ್ಲಿಂಗ್ ಬರುವುದಿಲ್ಲ, ಅದೊಂದನ್ನು ತಿದ್ದಿಸಿದರೆ ಉಳಿದದ್ದು ತಾನೇ ಸರಿಹೋಗುತ್ತದೆ ಎಂದು ಬರೆದಿದ್ದರು. ಅವರ ಕಾಳಜಿ ದೊಡ್ಡದು. ಆದರೆ 23 ವರ್ಷದಿಂದ ಸಾಗರದಲ್ಲಿ ಡಿಟಿಪಿ, ಜೆರಾಕ್ಸ್ ಅಂಗಡಿ ಇಟ್ಟುಕೊಂಡು ದಿನಕ್ಕೆ ಹತ್ತಾರು ಇಂಗ್ಲಿಷ್ ಅರ್ಜಿ, ಬೋರ್ಡು, ಬಯೋಡಾಟಾ ಟೈಪ್ ಮಾಡುವ ನನಗೆ ಕಂಡದ್ದು ಬೇರೆ. ಸ್ಪೆಲ್ಲಿಂಗ್ ತಪ್ಪಿದರೆ ಕಂಪ್ಯೂಟರ್ ಕೆಂಪು ಗೆರೆ ಎಳೆದು ತೋರಿಸುತ್ತದೆ. ಗೆರೆ ತಪ್ಪಿಸಿಕೊಂಡರೂ ಓದುವವರು ಸರಿಮಾಡಿಕೊಂಡೇ ಓದುತ್ತಾರೆ. ಪದಗಳೆಲ್ಲ ಸರಿಯಿದ್ದು ಅವು ಕೂತ ಜಾಗ ತಪ್ಪಿದರೆ ಆ ಕೆಂಪು ಗೆರೆ ಬೀಳುವುದಿಲ್ಲ. ವಾಕ್ಯ ನೋಡಲು ಚೆಂದವಾಗಿಯೇ ಇರುತ್ತದೆ, ಅರ್ಥ ಮಾತ್ರ ಬೇರೆ ಕಡೆ ಹೋಗಿರುತ್ತದೆ. ಹಾಗೆ ಜಾಗ ತಪ್ಪಿದ ಮೂರು ಪದಗಳಿಂದ ಒಂದು ಮನೆಯವರು ಎಂಟು ತಿಂಗಳು ಕಷ್ಟಪಟ್ಟರು. ಆ ಪದಗಳನ್ನು ಅಲ್ಲಿ ಕೂರಿಸಿದವಳು ನಾನೇ. ಅದಕ್ಕಾಗಿ ಈ ಪತ್ರ ಸ್ವಲ್ಪ ಉದ್ದವಾದರೂ ಹಾಕಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.

ಅಂಗಡಿ ಹಾಕಿ ಎರಡನೆಯ ಮಳೆಗಾಲ. ಹೊಸನಗರದ ಕಡೆಯ ಹೆಂಗಸೊಬ್ಬರು ಬಂದರು. ಅವರ ಯಜಮಾನರು ಕೊನೆಗೌಡರು, ಅಂದರೆ ಅಡಿಕೆ ಮರ ಹತ್ತಿ ಕೊನೆ ಇಳಿಸುವವರು. ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯಲು ಹತ್ತಿದವರು ಮರದಿಂದ ಬಿದ್ದು ಸೊಂಟ ಮುರಿದುಕೊಂಡಿದ್ದರು. ಶಿವಮೊಗ್ಗದಲ್ಲಿ ಆಪರೇಷನ್ ಆಗಿತ್ತು. ಪುಣ್ಯಕ್ಕೆ ಅವರ ಹೆಸರಿನಲ್ಲಿ ಅಪಘಾತ ವಿಮೆಯೊಂದಿತ್ತು. ಅವರು ಬಿದ್ದದ್ದು ಜುಲೈ 3ಕ್ಕೆ. ಗಂಡನ ಮಂಚದ ಪಕ್ಕದಲ್ಲೇ ಕೂತಿದ್ದ ಆಕೆಗೆ ವಿಮೆ ಕಚೇರಿಗೆ ಹೋಗಿ ಬಾಯಲ್ಲಿ ಹೇಳಿ ಬರಲು ಬಿಡುವಾದದ್ದು ಜುಲೈ 15ಕ್ಕೆ. ಹೇಳಿದ್ದನ್ನೆಲ್ಲ ಇಂಗ್ಲಿಷಿನಲ್ಲಿ ಬರೆದುಕೊಡಿ ಅಂದರಂತೆ. ಆಕೆ ನನ್ನ ಎದುರು ಸ್ಟೂಲಿನ ಮೇಲೆ ಕೂತು, ಒದ್ದೆ ಸೆರಗನ್ನು ಹಿಂಡಿಕೊಳ್ಳುತ್ತಾ ಹೇಳಿದ ಮಾತು ನನಗೆ ಹಾಗೆಯೇ ನೆನಪಿದೆ. “ನಮ್ಮ ಯಜಮಾನ್ರು ಮರದಿಂದ ಬಿದ್ದಿದ್ದನ್ನ ನಾನು ಜುಲೈ ಹದಿನೈದಕ್ಕೆ ನಿಮ್ಮ ಆಫೀಸಿಗೆ ತಿಳಿಸಿದೀನಿ ಅಂತ ಬರೀರಿ ಅಕ್ಕಾ.”

ನಾನು ಬರೆದೆ. “ಐ ಇನ್ಫಾರ್ಮ್ಡ್ ಯುವರ್ ಆಫೀಸ್ ದಟ್ ಮೈ ಹಸ್ಬೆಂಡ್ ಫೆಲ್ ಫ್ರಮ್ ದಿ ಟ್ರೀ ಆನ್ ಫಿಫ್ಟೀಂತ್ ಜುಲೈ.” ಬಿದ್ದ ತಾರೀಕು ಬೇರೆ ಫಾರಂನಲ್ಲಿ ಇದೆಯಲ್ಲ ಎಂದು ಪತ್ರದಲ್ಲಿ ಹಾಕಲಿಲ್ಲ. ಎರಡು ಸಲ ಓದಿದೆ. ಸ್ಪೆಲ್ಲಿಂಗ್ ಸರಿ, ಕಾಲ ಸರಿ, ಫುಲ್‌ಸ್ಟಾಪ್ ಸರಿ. ಆಕೆ ಸಹಿ ಹಾಕಿ ತೆಗೆದುಕೊಂಡು ಹೋದರು.

ಒಂದೂವರೆ ತಿಂಗಳಾದ ಮೇಲೆ ಆ ಕಾಗದ ವಾಪಸು ಬಂತು. ಕೊನೆಯ ಮೂರು ಪದಗಳ ಕೆಳಗೆ ಯಾರೋ ಕೆಂಪು ಪೆನ್ಸಿಲಿನಿಂದ ಎರಡು ಸಲ ಒತ್ತಿ ಗೆರೆ ಎಳೆದಿದ್ದರು. ಜೊತೆಗೆ ಒಂದು ಚೀಟಿ: ಮರದಿಂದ ಬಿದ್ದದ್ದು 15ಕ್ಕೆ ಎಂದು ನೀವೇ ಬರೆದಿದ್ದೀರಿ, ಆಸ್ಪತ್ರೆಗೆ ಸೇರಿದ್ದು 3ಕ್ಕೆ ಎಂದು ಆಸ್ಪತ್ರೆಯ ದಾಖಲೆಯಲ್ಲಿದೆ, ವಿವರಣೆ ಕೊಡಿ. ಆಕೆ ಆ ಕಾಗದವನ್ನು ನನ್ನ ಕೀಬೋರ್ಡಿನ ಮೇಲೆ ಇಟ್ಟು, “ಎಂತ ತಪ್ಪಾಯ್ತು ಅಕ್ಕಾ? ನಾನು ಸರಿಯಾಗೇ ಹೇಳಿದ್ನಲ್ಲ” ಅಂದರು. ಬೈಯಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು. ಆಮೇಲೆ ವಿವರಣೆ ಪತ್ರ, ಆಸ್ಪತ್ರೆಯಿಂದ ಇನ್ನೊಂದು ನಕಲು, ಅದಕ್ಕೊಂದು ಸೀಲು, ನಡುವೆ ಆ ಫೈಲು ನೋಡುವವರ ವರ್ಗಾವಣೆ. ದುಡ್ಡು ಕೈಗೆ ಬರುವಾಗ ಯುಗಾದಿ ಕಳೆದಿತ್ತು. ಅಷ್ಟರಲ್ಲಿ ಆಕೆಯ ಬೆಂಡೋಲೆ ಗಿರವಿಗೆ ಹೋಗಿತ್ತು.

ಅವರು ಹೇಳಿದ ಕನ್ನಡ ವಾಕ್ಯವನ್ನು ಇನ್ನೊಮ್ಮೆ ನೋಡಿ. ಅದರಲ್ಲಿ ಯಾವ ಗೊಂದಲವೂ ಇಲ್ಲ. ‘ಬಿದ್ದಿದ್ದನ್ನ’ ಅಂದ ಕೂಡಲೇ ಬೀಳುವ ಸಂಗತಿ ಮುಗಿಯಿತು. ಆ ‘ಅನ್ನ’ ಎಂಬ ವಿಭಕ್ತಿ ಬಾಗಿಲು ಹಾಕಿಬಿಟ್ಟಿತು. ಅದರ ನಂತರ ಬಂದ ತಾರೀಕು ಒಳಗೆ ಹೋಗುವ ಹಾಗಿಲ್ಲ, ಮುಂದಿರುವ ‘ತಿಳಿಸಿದೀನಿ’ಗೇ ಸೇರಬೇಕು. ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಅದಕ್ಕೆ ಸಂಬಂಧಪಟ್ಟದ್ದು ಅದರ ಹಿಂದೆ ಮುಂದೆ ಅಲೆಯದೆ ಅದಕ್ಕಿಂತ ಮೊದಲೇ ಬಂದು ಕೂರುತ್ತದೆ. ಇಂಗ್ಲಿಷಿನಲ್ಲಿ ಹಾಗಲ್ಲ. ಅಲ್ಲಿ ‘ಇನ್ಫಾರ್ಮ್ಡ್’ ಎನ್ನುವ ಕ್ರಿಯಾಪದ ಮೊದಲೇ ಬಂದು ಹೋಯಿತು, ಬಾಗಿಲು ಹಾಕುವ ವಿಭಕ್ತಿಯಿಲ್ಲ, ತಾರೀಕು ಕೊನೆಗೆ ಬಂದಾಗ ಪಕ್ಕದಲ್ಲಿ ಇದ್ದದ್ದು ‘ಫೆಲ್’. ಓದುವವರು ಅದನ್ನು ಅದಕ್ಕೇ ಸೇರಿಸಿದರು. ಆ ಕಚೇರಿಯವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಓದಿದ್ದು ಸರಿ. ಇಂಗ್ಲಿಷಿನಲ್ಲಿ ವಿಶೇಷಣವಾಗಲಿ, ಕಾಲ, ಸ್ಥಳ ಹೇಳುವ ಮಾತಾಗಲಿ, ಸಾಮಾನ್ಯವಾಗಿ ತನಗೆ ಅತಿ ಹತ್ತಿರದಲ್ಲಿರುವುದನ್ನು ಹಿಡಿದುಕೊಳ್ಳುತ್ತದೆ.

ಇದನ್ನು ನನಗೆ ಬಿಡಿಸಿ ಹೇಳಿದವರು ನಿವೃತ್ತ ಹೈಸ್ಕೂಲ್ ಮೇಷ್ಟ್ರೊಬ್ಬರು. ಪಿಂಚಣಿಯ ಕಾಗದ ಟೈಪ್ ಮಾಡಿಸಲು ಬಂದಿದ್ದರು. ಕೆಂಪು ಗೆರೆ ಬಿದ್ದ ಪತ್ರ ಮೇಜಿನ ಮೇಲೆಯೇ ಇತ್ತು. ಅದನ್ನು ಎತ್ತಿಕೊಂಡು ಓದಿದರು. ಜೇಬಿನಿಂದ ಪೆನ್ಸಿಲ್ ತೆಗೆದು ತಾರೀಕಿನ ಸುತ್ತ ಒಂದು ಸುತ್ತು ಹಾಕಿದರು. “ಇದು ಯಾವ ಪದಕ್ಕೆ ಸೇರಬೇಕು ಮಾರಾಯ್ತಿ?” ಅಂದರು. ‘ಇನ್ಫಾರ್ಮ್ಡ್’ ತೋರಿಸಿದೆ. ಸುತ್ತಿನಿಂದ ಅಲ್ಲಿಗೆ ಒಂದು ಬಾಣ ಎಳೆದರು. ಬಾಣ ‘ಫೆಲ್’ ಎಂಬ ಪದವನ್ನು ದಾಟಿಕೊಂಡು ಹೋಯಿತು. “ಬಾಣ ಇನ್ನೊಂದು ಕ್ರಿಯಾಪದವನ್ನೋ ನಾಮಪದವನ್ನೋ ದಾಟಿದರೆ ಅಪಾಯ. ದಾಟದ ಜಾಗಕ್ಕೆ ಎತ್ತಿಡು” ಅಂದರು. ಅಷ್ಟೇ ಪಾಠ. ಆನ್ ಫಿಫ್ಟೀಂತ್ ಜುಲೈ ಎನ್ನುವುದನ್ನು ಕಟ್ ಮಾಡಿ ವಾಕ್ಯದ ತಲೆಗೆ ಪೇಸ್ಟ್ ಮಾಡಿದೆ. “ಆನ್ ಫಿಫ್ಟೀಂತ್ ಜುಲೈ ಐ ಇನ್ಫಾರ್ಮ್ಡ್ ಯುವರ್ ಆಫೀಸ್...” ಹೊಸದಾಗಿ ಒಂದು ಅಕ್ಷರವೂ ಬೇಕಾಗಲಿಲ್ಲ. ಬಿದ್ದ ತಾರೀಕನ್ನೂ ಹಾಕು, ಅಂಥ ಕಾಗದದಲ್ಲಿ ಎರಡೂ ತಾರೀಕು ಇರಲೇಬೇಕು ಎಂದು ಮೇಷ್ಟ್ರು ಸೇರಿಸಿದರು. ಹಾಕಿದೆ.

ನಾನು ಓದಿದ್ದು ಪಿಯುಸಿಯವರೆಗೆ, ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಟೈಪಿಂಗಿನಲ್ಲಿ ಜೂನಿಯರ್, ಸೀನಿಯರ್ ಎರಡೂ ಪಾಸಾಗಿದ್ದೆ. ಶಾಲೆಯಲ್ಲಿ ಅಡ್ಜೆಕ್ಟಿವ್ ಎಂದರೇನು, ಅಡ್ವರ್ಬ್ ಎಂದರೇನು ಎಂದು ಬಾಯಿಪಾಠ ಮಾಡಿಸಿದ್ದರು. ಅಡಿಗೆರೆ ಎಳೆದ ಪದ ಯಾವುದೆಂದು ಗುರುತಿಸಿ ಅಂದರೆ ಗುರುತಿಸುತ್ತಿದ್ದೆ. ಅದನ್ನು ಎಲ್ಲಿ ಕೂರಿಸಬೇಕು, ಕೂತ ಜಾಗ ಬದಲಾದರೆ ಏನಾಗುತ್ತದೆ ಎಂದು ಯಾರೂ ಕೇಳಿರಲಿಲ್ಲ. ಇವತ್ತು ಅಂಗಡಿಗೆ ಬರುವ ಮಕ್ಕಳನ್ನು ನೋಡಿದರೆ, ಇಂಗ್ಲಿಷ್ ಮಾಧ್ಯಮದವರೂ ಸೇರಿ, ಪರಿಸ್ಥಿತಿ ಬದಲಾಗಿಲ್ಲ. ಅದಕ್ಕೆ ಮಕ್ಕಳು ದಡ್ಡರು ಎನ್ನುವುದು ಕಾರಣವಲ್ಲ. ಅವರ ತಲೆಯೊಳಗಿನ ಕನ್ನಡ ವಾಕ್ಯ ಸರಿಯಾಗಿಯೇ ಇರುತ್ತದೆ, ದಾಟಿಸುವಾಗ ದೋಣಿ ಮಗುಚುತ್ತದೆ.

ಹೋಮ್‌ಸ್ಟೇ ಒಂದರ ಕರಪತ್ರ ಬಂದಿತ್ತು. ಕನ್ನಡದಲ್ಲಿ ಹೀಗೆ ಬರೆದುಕೊಂಡು ಬಂದಿದ್ದರು: “253 ಮೀಟರ್ ಎತ್ತರದಿಂದ ಬೀಳುವ ಜೋಗವನ್ನು ಪ್ರವಾಸಿಗರು ನೋಡಬಹುದು.” ಇದರಲ್ಲಿ ‘ಬೀಳುವ’ ಎನ್ನುವುದು ಜೋಗಕ್ಕೆ ಮೈ ತಾಗಿಸಿಕೊಂಡು ನಿಂತಿದೆ. ಅದರ ಇಂಗ್ಲಿಷನ್ನೂ ಅವರೇ ಮಾಡಿಕೊಂಡು ಬಂದಿದ್ದರು. “ಫಾಲಿಂಗ್ ಫ್ರಮ್ 253 ಮೀಟರ್ಸ್, ಟೂರಿಸ್ಟ್ಸ್ ಕ್ಯಾನ್ ಸೀ ಜೋಗ್ ಫಾಲ್ಸ್.” ಕನ್ನಡದಲ್ಲಿ ಮೊದಲು ಬಂದದ್ದನ್ನು ಮೊದಲೇ ಇಟ್ಟಿದ್ದಾರೆ. ಆದರೆ ಇಂಗ್ಲಿಷಿನ ಇಂಥ ವಾಕ್ಯದಲ್ಲಿ ಕ್ರಿಯಾಪದಕ್ಕೆ ಮುಂಚೆ ಕರ್ತೃ ಬರಬೇಕು, ಹಾಗಾಗಿ ಬೀಳುವುದಕ್ಕೂ ಜೋಗಕ್ಕೂ ನಡುವೆ ಪ್ರವಾಸಿಗರು ಬಂದು ನಿಂತರು. ಕಾಮಾ ಆದ ಕೂಡಲೇ ಯಾರಿದ್ದಾರೋ ಅವರೇ ಬೀಳುವವರು ಎಂಬುದು ಇಂಗ್ಲಿಷ್ ಓದುವವರ ಲೆಕ್ಕ. ಪ್ರವಾಸಿಗರು ಕಾಲು ಜಾರಿ ಬಿದ್ದ ಸುದ್ದಿಯನ್ನು ನಾವು ಮಳೆಗಾಲದಲ್ಲಿ ನಿಜವಾಗಿಯೂ ಓದುವವರು. ಆ ವಾಕ್ಯವನ್ನು ಅಚ್ಚಿಗೆ ಕಳಿಸಲು ನನಗೆ ಮನಸ್ಸಾಗಲಿಲ್ಲ. “ದಿ ಶರಾವತಿ ಡ್ರಾಪ್ಸ್ 253 ಮೀಟರ್ಸ್ ಅಟ್ ಜೋಗ್” ಎಂದು ನದಿಯಿಂದಲೇ ಶುರುಮಾಡಿ, ಪ್ರವಾಸಿಗರನ್ನು ಮುಂದಿನ ವಾಕ್ಯಕ್ಕೆ ಕಳಿಸಿದೆ. ಅದೇ ಕರಪತ್ರದಲ್ಲಿ ಊಟದ ಬಗ್ಗೆ “ಸರ್ವ್ಡ್ ಆನ್ ಎ ಬನಾನಾ ಲೀಫ್, ಯು ವಿಲ್ ಲವ್ ಅವರ್ ಕಡುಬು” ಎಂದಿತ್ತು. ಬಾಳೆಎಲೆಯ ಮೇಲೆ ಬಡಿಸುವುದು ಕಡುಬನ್ನು. ವಾಕ್ಯ ಹೇಳುವುದು ಅತಿಥಿಯನ್ನು. ಕಡುಬನ್ನು ಮುಂದೆ ತಂದರೆ ಮುಗಿಯಿತು: “ಸರ್ವ್ಡ್ ಆನ್ ಎ ಬನಾನಾ ಲೀಫ್, ಅವರ್ ಕಡುಬು...”

ಹೀಗೆ ಜಾಗ ತಪ್ಪುವುದರ ಜೊತೆಗೆ ಇಂಗ್ಲಿಷ್ ವ್ಯಾಕರಣದಲ್ಲಿ ಡ್ಯಾಂಗ್ಲಿಂಗ್ ಮಾಡಿಫೈಯರ್ ಎಂಬ ಇನ್ನೊಂದು ತಪ್ಪೂ ಇದೆ. ಮಾಡಿಫೈಯರ್ ಎಂದರೆ ಇನ್ನೊಂದು ಪದಕ್ಕೆ ಸೇರಿ ಅದನ್ನು ವಿವರಿಸುವ ಮಾತು. ಡ್ಯಾಂಗ್ಲಿಂಗ್ ಎಂದರೆ ನೇತಾಡುವುದು. ಜಾಗ ತಪ್ಪಿದ್ದಕ್ಕೂ ಇದಕ್ಕೂ ಒಂದು ವ್ಯತ್ಯಾಸವಿದೆ. ಜಾಗ ತಪ್ಪಿದಾಗ ಸೇರಬೇಕಾದ ಪದ ವಾಕ್ಯದೊಳಗೇ ಎಲ್ಲೋ ಇರುತ್ತದೆ, ಎತ್ತಿ ಹತ್ತಿರ ಇಟ್ಟರೆ ಸಾಕು. ನಿಜಕ್ಕೂ ನೇತಾಡುವುದಕ್ಕೆ ಸೇರಬೇಕಾದ ಪದವೇ ಆ ವಾಕ್ಯದಲ್ಲಿ ಇರುವುದಿಲ್ಲ. ಚೀಲವಿದೆ, ಗೋಡೆಯಲ್ಲಿ ಗೂಟವಿಲ್ಲ. ಎಷ್ಟು ಜರುಗಿಸಿದರೂ ಅದು ಸರಿಯಾಗದು. ಗೂಟವನ್ನೇ ಹೊಡೆಯಬೇಕು.

ನಮ್ಮ ಮಕ್ಕಳ ಕಾಪಿಯಲ್ಲಿ ಈ ತಪ್ಪು ಅತಿ ಹೆಚ್ಚು, ಅದಕ್ಕೆ ಕಾರಣವೂ ನಮ್ಮ ಭಾಷೆಯ ಒಂದು ಸೊಗಸೇ. ನನ್ನ ಮಗಳು ಎಂಟನೆಯ ತರಗತಿಯಲ್ಲಿದ್ದಾಗ ಸಿಗಂದೂರಿಗೆ ಹೋದದ್ದರ ಬಗ್ಗೆ ಪ್ರಬಂಧ ಬರೆದಿದ್ದಳು. ಆಗಿನ್ನೂ ಶರಾವತಿ ಹಿನ್ನೀರಿಗೆ ಸೇತುವೆಯಾಗಿರಲಿಲ್ಲ. 2025ರ ಜುಲೈನಲ್ಲಿ ಅದು ತೆರೆಯುವವರೆಗೂ ಲಾಂಚ್ ತಪ್ಪಿದರೆ ದಡದಲ್ಲಿ ಕಾಯುವುದೇ ಗತಿ. ಅವಳು ಬರೆದಿದ್ದಳು: “ರೀಚಿಂಗ್ ದಿ ಬ್ಯಾಂಕ್, ದಿ ಲಾಂಚ್ ಹ್ಯಾಡ್ ಗಾನ್.” ಏನು ಹೇಳಲು ಹೊರಟೆ ಎಂದು ಕೇಳಿದೆ. “ದಡಕ್ಕೆ ಬಂದು ನೋಡಿದ್ರೆ ಲಾಂಚ್ ಹೋಗಿತ್ತು, ಅಮ್ಮಾ” ಅಂದಳು. ಎಷ್ಟು ಸರಿಯಾದ ಕನ್ನಡ! ಬಂದವರು ಯಾರು, ನೋಡಿದವರು ಯಾರು ಎಂದು ವಾಕ್ಯದಲ್ಲಿ ಎಲ್ಲಿಯೂ ಇಲ್ಲ. ಆದರೂ ಲಾಂಚೇ ಬಂದು ನೋಡಿತು ಎಂದು ಯಾವ ಕನ್ನಡಿಗರೂ ತಿಳಿಯುವುದಿಲ್ಲ. ‘ನಾವು’ ಎನ್ನುವುದನ್ನು ಕೇಳುವವರ ಕಿವಿ ತುಂಬಿಕೊಳ್ಳುತ್ತದೆ. ಅಷ್ಟೇ ಅಲ್ಲ, ‘ಮಳೆ ಬಂದು ಕೆರೆ ತುಂಬಿತು’ ಎನ್ನುತ್ತೇವೆ. ಬಂದದ್ದು ಮಳೆ, ತುಂಬಿದ್ದು ಕೆರೆ. ಒಂದರಿಂದ ಇನ್ನೊಂದು ಆದದ್ದರಿಂದ ಎರಡು ಕರ್ತೃಗಳನ್ನು ನಮ್ಮ ‘ಬಂದು’ ಸಲೀಸಾಗಿ ಹೊತ್ತುಕೊಳ್ಳುತ್ತದೆ. ಇಂಗ್ಲಿಷಿನ ‘ರೀಚಿಂಗ್’ನಂಥ ಪದದ ಬಾಲದಲ್ಲಿರುವ ಬರಿಯ ‘ಇಂಗ್’ಗೆ ಆ ಬಲವಿಲ್ಲ. ಅದು ಕಾಮಾದ ಆಚೆಗಿರುವ ಮೊದಲ ಕರ್ತೃವಿನ ಹೆಗಲನ್ನೇ ಹುಡುಕುತ್ತದೆ. ಅವಳ ವಾಕ್ಯದಲ್ಲಿ ಆ ಹೆಗಲು ಲಾಂಚಿನದು.

ಇದಕ್ಕೆ ಎರಡು ದಾರಿ ಎಂದು ಮೇಷ್ಟ್ರು ಹೇಳಿಕೊಟ್ಟಿದ್ದನ್ನೇ ಮಗಳಿಗೆ ಹೇಳಿದೆ. ಕಾಮಾ ಆದ ಮೇಲೆ ನಿಜವಾದ ಕರ್ತೃವನ್ನು ತಂದು ಕೂರಿಸುವುದು ಒಂದು: “ರೀಚಿಂಗ್ ದಿ ಬ್ಯಾಂಕ್, ವಿ ಫೌಂಡ್ ದಟ್ ದಿ ಲಾಂಚ್ ಹ್ಯಾಡ್ ಗಾನ್.” ಅಥವಾ ಮೊದಲ ತುಂಡಿಗೇ ಅದರದ್ದೇ ಕರ್ತೃ, ಕ್ರಿಯಾಪದ ಕೊಟ್ಟು ಪೂರ್ತಿ ಮಾಡುವುದು: “ವೆನ್ ವಿ ರೀಚ್ಡ್ ದಿ ಬ್ಯಾಂಕ್, ದಿ ಲಾಂಚ್ ಹ್ಯಾಡ್ ಗಾನ್.” ಎರಡನೆಯದು ಅವಳಿಗೆ ಸುಲಭವಾಯಿತು. ಮೊದಲನೆಯದು ಕನ್ನಡಕ್ಕೆ ಹತ್ತಿರ ಎಂದು ನನಗನ್ನಿಸುತ್ತದೆ, ಯಾಕೆಂದರೆ ‘ನೋಡಿದ್ರೆ’ ಎನ್ನುವುದು ‘ಫೌಂಡ್’ನಲ್ಲಿ ಉಳಿದುಕೊಂಡಿದೆ. ಅವಳು ಮಾಡಿದ ತಪ್ಪೂ ಇದೇ. ‘ಬಂದು’ವನ್ನು ದಾಟಿಸಿದಳು, ‘ನೋಡಿದ್ರೆ’ಯನ್ನು ದಡದಲ್ಲೇ ಬಿಟ್ಟಳು.

ಈಗ ಅಂಗಡಿಗೆ ಬರುವ ಮಕ್ಕಳಿಗೆ ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ವಾಕ್ಯ ‘ಇಂಗ್’ನಿಂದಲೋ ‘ಹ್ಯಾವಿಂಗ್’ನಿಂದಲೋ ‘ಟು’ವಿನಿಂದಲೋ ಶುರುವಾಗಿದ್ದರೆ, ಯಾರು? ಯಾರು ಬಂದದ್ದು, ಯಾರು ಓದಿದ್ದು, ಯಾರಿಗೆ ಬೇಕಾದದ್ದು? ಉತ್ತರದ ಹೆಸರು ಕಾಮಾದ ಪಕ್ಕದಲ್ಲೇ ಇದೆಯೇ? ಕಾಲೇಜಿನ ಹುಡುಗನೊಬ್ಬನ ಕೆಲಸದ ಅರ್ಜಿಯಲ್ಲಿ “ಹ್ಯಾವಿಂಗ್ ಕಂಪ್ಲೀಟೆಡ್ ಡಿಪ್ಲೊಮಾ, ಯುವರ್ ಕಂಪನಿ ಈಸ್ ಮೈ ಫಸ್ಟ್ ಚಾಯ್ಸ್” ಎಂದಿತ್ತು. ಯಾರು ಡಿಪ್ಲೊಮಾ ಮುಗಿಸಿದ್ದು ಅಂದೆ. ಹುಡುಗ ತೆರೆಯನ್ನೇ ನೋಡುತ್ತಾ ನಿಂತ. ನಾನು ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವನೇ, “ಅಯ್ಯೋ ಅಕ್ಕ, ಕಂಪನಿ ಮುಗಿಸಿದೆ ಅಂತ ಆಯ್ತಲ್ಲ” ಎಂದ. ತಪ್ಪನ್ನು ತಾನೇ ಕಂಡುಕೊಂಡವನು ಅದನ್ನು ಮತ್ತೆ ಮಾಡುವುದು ಕಡಿಮೆ. ಅದಕ್ಕೇ ನಾನು ತಿದ್ದಿ ಕೊಡುವುದಿಲ್ಲ, ಕೇಳುತ್ತೇನೆ.

‘ಓನ್ಲಿ’ಯ ಬಗ್ಗೆ ಹೇಳದೆ ಇರಲಾರೆ, ಬೋರ್ಡುಗಳಲ್ಲಿ ಅತಿ ಹೆಚ್ಚು ಹಾದಿ ತಪ್ಪುವ ಪದ ಅದು. ಕನ್ನಡದಲ್ಲಿ ಒತ್ತು ಕೊಡುವುದು ಎಷ್ಟು ಸುಲಭ ನೋಡಿ. ‘ನಾನೇ ಅವನಿಗೆ ಹೇಳಿದೆ’, ‘ನಾನು ಅವನಿಗೇ ಹೇಳಿದೆ’, ‘ನಿನ್ನೆಯೇ ಹೇಳಿದೆ’. ಒಂದು ‘ಏ’ ಯಾವ ಪದದ ಬಾಲಕ್ಕೆ ಹತ್ತಿತೋ ಒತ್ತು ಅದಕ್ಕೆ. ‘ಮಾತ್ರ’ವೂ ಹಾಗೆಯೇ, ಪದದ ಹಿಂದಿನಿಂದ ಬಂದು ಹಿಡಿಯುತ್ತದೆ. ಆದ್ದರಿಂದಲೇ ನಾವು ಮಾತಿನಲ್ಲಿ “ಐ ಟೋಲ್ಡ್ ಹಿಮ್ ಯೆಸ್ಟರ್ಡೇ ಓನ್ಲಿ” ಅನ್ನುತ್ತೇವೆ. ಅದು ನಮ್ಮ ‘ನಿನ್ನೆಯೇ’. ಮಾತಿನಲ್ಲಿ ಅದರಿಂದ ಯಾರಿಗೂ ನಷ್ಟವಿಲ್ಲ. ಬರವಣಿಗೆಯ ಇಂಗ್ಲಿಷಿನಲ್ಲಿ ‘ಓನ್ಲಿ’ ಸಾಮಾನ್ಯವಾಗಿ ತನ್ನ ನಂತರ ಬರುವುದನ್ನು ಹಿಡಿಯುತ್ತದೆ. ಸಂಘವೊಂದರ ನೋಟಿಸು ಟೈಪಿಗೆ ಬಂದಿತ್ತು: “ಓನ್ಲಿ ಮೆಂಬರ್ಸ್ ಕ್ಯಾನ್ ಅಪ್ಲೈ ಫಾರ್ ಲೋನ್ಸ್ ಆನ್ ಮಂಡೇ.” ಕಾರ್ಯದರ್ಶಿಯವರನ್ನು ಕೇಳಿದೆ, ಸೋಮವಾರ ಸದಸ್ಯರಿಗೆ ಮಾತ್ರವೋ, ಸದಸ್ಯರಿಗೆ ಸೋಮವಾರ ಮಾತ್ರವೋ? ಸೋಮವಾರ ಮಾತ್ರ ಎಂದರು. ಹಾಗಾದರೆ ‘ಓನ್ಲಿ’ ಹೋಗಿ ಸೋಮವಾರಕ್ಕಿಂತ ಮೊದಲು ನಿಲ್ಲಬೇಕು: “ಮೆಂಬರ್ಸ್ ಕ್ಯಾನ್ ಅಪ್ಲೈ ಫಾರ್ ಲೋನ್ಸ್ ಓನ್ಲಿ ಆನ್ ಮಂಡೇ.” ಮೊದಲಿನ ನೋಟಿಸು ನೋಡಿ ಬುಧವಾರ ತಾಳಗುಪ್ಪದಿಂದ ಬಸ್ಸು ಹತ್ತಿ ಬಂದ ಸದಸ್ಯರು ಬರಿಗೈಯಲ್ಲಿ ಹೋಗಬೇಕಿತ್ತು.

ಎರಡೂ ಕಡೆ ಕತ್ತು ಹೊರಳಿಸುವ ಪದಗಳೂ ಇವೆ. ಕೊಳೆರೋಗದ ಬಗ್ಗೆ ಕರಪತ್ರವೊಂದನ್ನು ತಿದ್ದುವಾಗ “ಫಾರ್ಮರ್ಸ್ ಹೂ ಸ್ಪ್ರೇ ಬೋರ್ಡೋ ಆಫನ್ ಸೇವ್ ದೇರ್ ಕ್ರಾಪ್” ಎಂಬ ವಾಕ್ಯ ಸಿಕ್ಕಿತು. ಬೋರ್ಡೋ ಎಂದರೆ ಮೈಲುತುತ್ತ, ಸುಣ್ಣ ಬೆರೆಸಿದ ಕೊಳೆ ಔಷಧಿ. ಆ ‘ಆಫನ್’ ಹಿಂದಕ್ಕೆ ನೋಡಿದರೆ ಪದೇಪದೇ ಔಷಧಿ ಹೊಡೆಯಬೇಕು ಎಂದಾಗುತ್ತದೆ, ಮುಂದಕ್ಕೆ ನೋಡಿದರೆ ಔಷಧಿ ಹೊಡೆದವರ ಫಸಲು ಹೆಚ್ಚಿನ ಸಲ ಉಳಿಯುತ್ತದೆ ಎಂದಾಗುತ್ತದೆ. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, ಮಳೆ ಹಿಡಿಯುವ ಮುಂಚೆ ಒಮ್ಮೆ, 40-45 ದಿನ ಬಿಟ್ಟು ಇನ್ನೊಮ್ಮೆ ಎಂಬುದು ನಮ್ಮ ಕಡೆಯ ತೋಟದವರಿಗೆಲ್ಲ ಗೊತ್ತಿರುವ ಲೆಕ್ಕ. ಆ ಕರಪತ್ರದ ಮುಂದಿನ ಪ್ಯಾರಾ ಇದನ್ನೇ ಹೇಳುತ್ತಿತ್ತು, ಈ ವಾಕ್ಯ ಅದಕ್ಕೆ ಅಡ್ಡ ನಿಂತಿತ್ತು. ‘ಆಫನ್’ ತೆಗೆದುಹಾಕಿಸಿದೆ.

ಸರ್ಕಾರಿ ಇಂಗ್ಲಿಷಿನ ಬಗ್ಗೆ ಒಂದು ಮಾತನ್ನು ತುಂಬಾ ದಿನದಿಂದ ಹೇಳಬೇಕೆಂದಿದ್ದೆ. “ಆಫ್ಟರ್ ವೆರಿಫೈಯಿಂಗ್ ದಿ ಡಾಕ್ಯುಮೆಂಟ್ಸ್, ಯುವರ್ ಅಪ್ಲಿಕೇಶನ್ ಈಸ್ ರಿಜೆಕ್ಟೆಡ್” ಎಂಬಂಥ ಹಿಂಬರಹಗಳು ದಿನಾ ಜೆರಾಕ್ಸಿಗೆ ಬರುತ್ತವೆ. ದಾಖಲೆ ಪರಿಶೀಲಿಸಿದವರು ಯಾರು? ವಾಕ್ಯದಲ್ಲಿ ಇಲ್ಲ. ತಿರಸ್ಕರಿಸಿದವರು ಯಾರು? ಅವರೂ ಇಲ್ಲ. ಅರ್ಜಿಯೇ ತನ್ನ ದಾಖಲೆಗಳನ್ನು ಪರಿಶೀಲಿಸಿಕೊಂಡು ತಿರಸ್ಕೃತವಾದ ಹಾಗಿದೆ. ಇದನ್ನು ಬರಿಯ ವ್ಯಾಕರಣದ ತಪ್ಪು ಎಂದು ಬಿಡಲು ನನಗಾಗುವುದಿಲ್ಲ. ಕಾಗದ ಹಿಡಿದುಕೊಂಡು ನಿಂತ ಮನುಷ್ಯನಿಗೆ ಮುಂದೆ ಯಾವ ಟೇಬಲ್ಲಿಗೆ ಹೋಗಬೇಕು, ಯಾರನ್ನು ಕೇಳಬೇಕು ಎಂದು ತಿಳಿಯದೆ ಹೋಗುವುದು ಆ ಗೂಟವಿಲ್ಲದ ಮಾತಿನಿಂದ. ‘ದಾಖಲೆಗಳನ್ನು ಪರಿಶೀಲಿಸಿ ನಾನು ಈ ಅರ್ಜಿಯನ್ನು ತಿರಸ್ಕರಿಸಿದ್ದೇನೆ’ ಎಂದು ಬರೆಯಲು ಯಾವ ಭಾಷೆಯಲ್ಲೂ ಕಷ್ಟವಿಲ್ಲ. ಜನರಿಗೆ ಕೊಡುವ ಹಿಂಬರಹ ಕನ್ನಡದಲ್ಲೇ ಇರಬೇಕು ಎಂಬುದು ನನ್ನ ಮೊದಲ ಆಸೆ. ಇಂಗ್ಲಿಷಿನಲ್ಲೇ ಕೊಡುವುದಾದರೆ ಕರ್ತೃವನ್ನು ಬಿಡಬೇಡಿ.

ಹಾಗೆಂದು ‘ಇಂಗ್’ ಕಂಡಲ್ಲೆಲ್ಲ ಕತ್ತರಿ ಹಾಕಬೇಕಿಲ್ಲ. ‘ಕನ್ಸಿಡರಿಂಗ್’, ‘ರಿಗಾರ್ಡಿಂಗ್’, ‘ಅಕಾರ್ಡಿಂಗ್ ಟು’, ‘ಜನರಲಿ ಸ್ಪೀಕಿಂಗ್’ ಮುಂತಾದವು ಇಂಗ್ಲಿಷಿನಲ್ಲಿ ಸವೆದು ಸವೆದು ನಮ್ಮ ‘ಕುರಿತು’, ‘ಬಗ್ಗೆ’ಗಳ ಹಾಗೆ ಆಗಿಬಿಟ್ಟಿವೆ. ಅವಕ್ಕೆ ಕರ್ತೃ ಹುಡುಕುವ ಅಗತ್ಯವಿಲ್ಲ. ನಮ್ಮ ‘ಕುರಿತು’ವೂ ಒಂದು ಕಾಲದಲ್ಲಿ ಕ್ರಿಯಾಪದವೇ ಆಗಿತ್ತಲ್ಲ. ಕನ್ನಡದಲ್ಲಿ ಈ ತೊಡಕೇ ಇಲ್ಲ ಎಂದೂ ನಾನು ಹೇಳುವುದಿಲ್ಲ. ‘ಹಳೆಯ ಮನೆಯ ಬಾಗಿಲು’ ಎಂದರೆ ಹಳೆಯದು ಮನೆಯೋ ಬಾಗಿಲೋ? ‘ಚಿರತೆ ಕೊಂದ ನಾಯಿ’ ಎಂದು ತಲೆಬರಹ ಕೊಟ್ಟರೆ ಸತ್ತದ್ದು ಯಾವುದು? ನಿಮ್ಮ ಸುದ್ದಿಮನೆಯವರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಆದರೆ ನಮ್ಮ ಭಾಷೆಯ ಗೊಂದಲವನ್ನು ನಮ್ಮ ಕಿವಿ ಕೂಡಲೇ ಹಿಡಿಯುತ್ತದೆ. ಕಲಿತ ಭಾಷೆಯದನ್ನು ಹಿಡಿಯಲು ಯಾರಾದರೂ ತೋರಿಸಿಕೊಡಬೇಕು.

ತೋರಿಸುವುದಕ್ಕೆ ದೊಡ್ಡ ಪುಸ್ತಕ ಬೇಡ. ಇಂಗ್ಲಿಷ್ ಪಾಠ ಮಾಡುವ ನಮ್ಮ ಜಿಲ್ಲೆಯ ಶಿಕ್ಷಕರಲ್ಲಿ ನನ್ನ ಬೇಡಿಕೆ ಇಷ್ಟೇ: ವಾರಕ್ಕೊಂದು ದಿನ ಹತ್ತು ನಿಮಿಷ ಒಂದು ಕನ್ನಡ ವಾಕ್ಯ ಬೋರ್ಡಿನ ಮೇಲೆ ಬರೆಯಿರಿ, ಮಕ್ಕಳ ಮನೆಯ, ತೋಟದ, ಬಸ್ಸಿನ ವಾಕ್ಯ. ಅದರ ಇಂಗ್ಲಿಷನ್ನು ಅವರೇ ಮಾಡಲಿ. ಪದಗಳನ್ನು ಚೀಟಿಗಳಲ್ಲಿ ಬರೆದು ಮಕ್ಕಳ ಕೈಗೆ ಕೊಟ್ಟು ಸಾಲಾಗಿ ನಿಲ್ಲಿಸಿ. ‘ಓನ್ಲಿ’ ಹಿಡಿದ ಮಗು ಒಂದೊಂದೇ ಹೆಜ್ಜೆ ಜರುಗುತ್ತಾ ಹೋಗಲಿ, ಪ್ರತಿ ಹೆಜ್ಜೆಗೂ ಅರ್ಥ ಏನಾಯಿತೆಂದು ಉಳಿದವರು ಕನ್ನಡದಲ್ಲಿ ಹೇಳಲಿ. ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಬಾಯಿಗೆ ಬರಬಾರದು ಎಂಬ ನಿಯಮ ಕೆಲವು ಕಡೆ ಇದೆಯೆಂದು ಮಕ್ಕಳು ಹೇಳುತ್ತಾರೆ. ಈ ಹತ್ತು ನಿಮಿಷಕ್ಕಾದರೂ ಅದನ್ನು ಸಡಿಲಿಸಿ. ತಪ್ಪು ಹುಟ್ಟುವುದು ಎರಡು ಭಾಷೆಗಳ ನಡುವೆ, ಒಂದನ್ನೇ ಹಿಡಿದುಕೊಂಡರೆ ಅದು ಕಣ್ಣಿಗೆ ಬೀಳುವುದಿಲ್ಲ. ಪರೀಕ್ಷೆಯಲ್ಲೂ ಅಡಿಗೆರೆ ಎಳೆದ ಪದ ಯಾವ ಜಾತಿಯದೆಂದು ಕೇಳುವ ಬದಲು, ಈ ಪದವನ್ನು ಅಲ್ಲಿಂದ ಇಲ್ಲಿಗೆ ಇಟ್ಟರೆ ಅರ್ಥ ಏನಾಗುತ್ತದೆ ಎಂದು ಒಂದಾದರೂ ಪ್ರಶ್ನೆ ಇರಲಿ.

ತಮ್ಮಲ್ಲಿಯೂ ಒಂದು ಕೋರಿಕೆಯಿದೆ. ನಿಮ್ಮ ಪತ್ರಿಕೆಯ ವಿದ್ಯಾರ್ಥಿಗಳ ಪುಟದಲ್ಲಿ ವಾರಕ್ಕೆ ಒಂದೇ ವಾಕ್ಯಕ್ಕೆ ಜಾಗ ಕೊಡಿ. ಜಾಗ ತಪ್ಪಿದ ಒಂದು ಇಂಗ್ಲಿಷ್ ವಾಕ್ಯ ಕನ್ನಡ ಲಿಪಿಯಲ್ಲಿ, ಅದರ ಕೆಳಗೆ ಹೇಳಬೇಕಾಗಿದ್ದ ಕನ್ನಡ ಮಾತು. ಉತ್ತರ ಮುಂದಿನ ವಾರ. ಹೊಸನಗರದ ಆ ಹೆಂಗಸಿನ ಕಾಗದ ಬಂದ ಮೇಲೆ ನಾನು ಅಂಥ ವಾಕ್ಯಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾ ಬಂದಿದ್ದೇನೆ. ಈಗ ಮೂರನೆಯ ನೋಟ್‌ಬುಕ್ಕು ನಡೆಯುತ್ತಿದೆ. ನೀವು ಒಪ್ಪುವುದಾದರೆ ಹೆಸರು, ಊರು ಎಲ್ಲ ತೆಗೆದು ಮೊದಲ ಒಂದು ವರ್ಷಕ್ಕಾಗುವಷ್ಟನ್ನು ನಾನೇ ಟೈಪ್ ಮಾಡಿ ಕಳಿಸಿಕೊಡುತ್ತೇನೆ. ಮೊದಲ ವಾರಕ್ಕೆ ಆ ಜುಲೈ ಹದಿನೈದರ ವಾಕ್ಯವನ್ನೇ ಹಾಕಿ. ಆಕೆಯನ್ನು ಕೇಳಿದ್ದೇನೆ, ಹಾಕಲಿ ಅಕ್ಕಾ ಎಂದಿದ್ದಾರೆ.

ಇಂತಿ,
ತಮ್ಮ ಓದುಗರಲ್ಲೊಬ್ಬಳು,
ಡಿಟಿಪಿ ಅಂಗಡಿಯಿಂದ, ಸಾಗರ, ಶಿವಮೊಗ್ಗ ಜಿಲ್ಲೆ